ಸೂಜಿಯ ಎಂಜಲು

ಮೊದಲ ಏಳು ವಾರ ಜುಂಬೆರ್ ನನ್ನ ಕೈಗೆ ಮಷಿನ್ ಕೊಡಲಿಲ್ಲ.
ಬಟ್ಟೆ ಕೊಟ್ಟ, ಬಕೆಟ್ಟು ಕೊಟ್ಟ, ಕೈಗವಸಿನ ಡಬ್ಬ ಕೊಟ್ಟ.
"ಕೈ ಇಡುವಲ್ಲಿ ಎಲ್ಲರೂ ಒರೆಸುತ್ತಾರೆ, ಕೇತಿನೋ.
ಕುರ್ಚಿ ಎತ್ತರಿಸುವ ಹಿಡಿ ಯಾರ ನೆನಪಿಗೂ ಬರುವುದಿಲ್ಲ."

ಕುತೈಸಿಯಲ್ಲಿ, ರಿಯೋನಿ ನದಿಯ ಸದ್ದು ಕೇಳುವಷ್ಟು ಹತ್ತಿರ,
ಹಿಂದೆ ಬೂಟು ಹೊಲಿಯುತ್ತಿದ್ದ ಕೋಣೆ.
ತೇವದ ದಿನ ಹಳೆಯ ಚರ್ಮದ ವಾಸನೆ
ಹೊಸ ಟೈಲ್ಸಿನ ಸಂದಿಯಿಂದ ಮೇಲೇಳುತ್ತದೆ.
ಕಸುಬೇನೂ ಹೆಚ್ಚು ಬದಲಾಗಿಲ್ಲ, ಎನ್ನುತ್ತಾನೆ ಅವನು,
ಆಗಲೂ ಚರ್ಮ, ಈಗಲೂ ಚರ್ಮ.

ಎಂಟನೆಯ ವಾರ ಯಂತ್ರವನ್ನು ಬಿಚ್ಚಿ
ಮೀನು ಸೀಳಿದಂತೆ ಬಿಳಿ ಬಟ್ಟೆಯ ಮೇಲೆ ಹರಡಿದ.
ಎರಡು ತಾಮ್ರದ ಸುರುಳಿ. ಕರೆಂಟು ಹರಿದರೆ ಅಯಸ್ಕಾಂತ,
ಕಬ್ಬಿಣದ ಪಟ್ಟಿಯನ್ನು ಸೆಳೆದುಕೊಳ್ಳುತ್ತದೆ.
ಸೆಳೆದದ್ದೇ ತಡ, ಕೊಂಡಿ ತಪ್ಪುತ್ತದೆ,
ಸ್ಪ್ರಿಂಗು ಪಟ್ಟಿಯನ್ನು ಬಿಡಿಸಿಕೊಂಡು ಮೇಲೇಳುತ್ತದೆ,
ಮತ್ತೆ ತಾಗುತ್ತದೆ.
"ಇಷ್ಟೇ. ತಾಗು, ತಪ್ಪು. ಸೆಕೆಂಡಿಗೆ ನೂರು ಸಲ.
ಮೊದಲು ಕಿವಿಯಿಂದ ಕೇಳು, ಮೀಟರು ಆಮೇಲೆ.
ಜೇನು ಗುಂಯ್ಗುಟ್ಟಿದರೆ ಸರಿ.
ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತಿದ್ದರೆ ಸ್ಕ್ರೂ ಸಡಿಲ."

ಅವನ ಮೊದಲ ಯಂತ್ರ ಜೈಲಿನಲ್ಲಿ ಹುಟ್ಟಿದ್ದು.
ಗಡ್ಡ ಹೆರೆಯುವ ಮಷಿನ್ನಿನ ಮೋಟಾರು, ಪೆನ್ನಿನ ಕೊಳವೆ,
ಗಿಟಾರಿನ ಅತಿ ಸಣ್ಣ ತಂತಿ, ಸಿಮೆಂಟಿಗೆ ಉಜ್ಜಿ ಉಜ್ಜಿ ಚೂಪು ಮಾಡಿದ್ದು.
ಬೂಟಿನ ಹಿಮ್ಮಡಿ ಸುಟ್ಟ ಮಸಿ, ಶಾಂಪೂವಿನಲ್ಲಿ ಕಲಸಿದ್ದು.
ಆ ಚಳಿಗಾಲ
ಒಂದೇ ತಂತಿ, ಹನ್ನೊಂದು ಜನ.
ಎಷ್ಟೋ ವರ್ಷಗಳ ಮೇಲೆ ಒತಿಯಾನ ಕಣ್ಣು ಅರಿಶಿನವಾಯಿತು,
ಹೊಟ್ಟೆಯಲ್ಲಿ ನೀರು ತುಂಬಿತು.

"ಸೂಜಿಗೆ ಬಾಯಿದೆ," ಎನ್ನುತ್ತಾನೆ ಜುಂಬೆರ್,
"ಒಬ್ಬನನ್ನು ಮುಟ್ಟಿದ ಮೇಲೆ ಅದು ಎಂಜಲು.
ಬೆಂಕಿಗೆ ಹಿಡಿದೆವು, ದ್ರಾಕ್ಷಿ ಸಾರಾಯಿಯಲ್ಲಿ ಅದ್ದಿದೆವು,
ಎಂಜಲು ಎಂಜಲೇ.
ನಮಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು.
ಅರ್ಧ ಗೊತ್ತಿತ್ತು.
ಉಳಿದರ್ಧ ಬೇಕಿರಲಿಲ್ಲ."

ಈಗ ಆಟೋಕ್ಲೇವಿನ ಮುಂದೆ ಅವನು
ಹಾಲು ಉಕ್ಕೀತೆಂದು ಕಾಯುವವಳ ಹಾಗೆ ಕೂರುತ್ತಾನೆ.
ಪೊಟ್ಟಣದ ಪಟ್ಟಿ ಕಂದಾದರೆ ನನಗೆ ಖುಷಿ, ಅವನಿಗಲ್ಲ:
"ಹಬೆ ಬಂದು ಹೋಗಿದೆ ಎಂದಷ್ಟೇ ಅದು ಹೇಳುತ್ತದೆ,
ಒಳಗೆ ಯಾರು ಸತ್ತರು ಎಂದಲ್ಲ."
ತಿಂಗಳಿಗೊಮ್ಮೆ ಬೀಜಾಣುಗಳ ಸೀಸೆಯನ್ನು ಒಳಗಿಟ್ಟು ಬೇಯಿಸಿ
ಪ್ರಯೋಗಾಲಯಕ್ಕೆ ಕಳಿಸುತ್ತಾನೆ,
ಉತ್ತರ ಬರುವವರೆಗೆ ಸರಿಯಾಗಿ ಉಣ್ಣುವುದಿಲ್ಲ.

ನಿನ್ನೆ ಒಬ್ಬ ಮುದುಕ ಬಂದು ಅಂಗಿ ಬಿಚ್ಚಿದ.
ನರೆತ ಕೂದಲ ನಡುವೆ ಹಡಗೊಂದು, ಹಾಯಿ ಅರ್ಧಕ್ಕೆ ನಿಂತಿತ್ತು.
ಕೈಬರಹ ಗುರುತು ಹಿಡಿದ ಹಾಗೆ ನಾನು ಗೆರೆಯ ಗುರುತು ಹಿಡಿದೆ,
ಎಡಕ್ಕೆ ವಾಲುವ ಅದೇ ಗೆರೆ.
"ಅವತ್ತು ಕರೆಂಟು ಹೋಯಿತಲ್ಲ," ಎಂದ ಮುದುಕ, "ಮುಗಿಸು."

ಜುಂಬೆರ್ ಮಾತಾಡಲಿಲ್ಲ.
ಮೊಣಕೈವರೆಗೆ ಕೈ ತೊಳೆದ, ಒರೆಸಿದ, ಮತ್ತೆ ತೊಳೆದ.
ದೀಪದ ಹಿಡಿಗೆ, ಬಾಟಲಿಗೆ, ಮಷಿನ್ನಿನ ತಂತಿಗೆ
ಹೊಸ ಪ್ಲಾಸ್ಟಿಕ್ಕು ಸುತ್ತಿದ.
ಸೂಜಿಯ ಪೊಟ್ಟಣವನ್ನು ಮುದುಕನ ಕಣ್ಣಿನ ಮುಂದೆ ಹಿಡಿದ.
"ಓದು."
"ಕನ್ನಡಕ ತಂದಿಲ್ಲ."
"ಹುಡುಗಿ ಓದುತ್ತಾಳೆ."
ನಾನು ತಾರೀಖು ಓದಿದೆ, ತಯಾರಾದ ತಂಡದ ಸಂಖ್ಯೆ ಓದಿದೆ,
ಒಂದು ಸಲ ಮಾತ್ರ ಬಳಸಿ ಎಂಬುದನ್ನೂ ಓದಿದೆ.

"ರಕ್ತ ತೋರಿಸಿದೆಯಾ?"
"ತೋರಿಸಿದೆ. ಇತ್ತು. ಮಾತ್ರೆ ನುಂಗಿದೆ, ಈಗಿಲ್ಲ."
"ನನ್ನಿಂದ ಬಂತಾ?"
ಮುದುಕ ಚಾವಣಿ ನೋಡಿದ.
"ಹನ್ನೊಂದು ಜನ ಇದ್ದೆವು, ಮಾರಾಯ.
ಹಾಯಿ ಹಾಕು."

ಜೇನಿನ ಸದ್ದು ಒಂದೂವರೆ ತಾಸು.
ಆಮೇಲೆ ಸೂಜಿ ಹಳದಿ ಡಬ್ಬಿಯೊಳಗೆ ಟಿಕ್ ಎಂದಿತು.

ಮುದುಕ ಹೋದ ಮೇಲೆ ನಾನು ಕುರ್ಚಿ ಒರೆಸಿದೆ,
ಬೆನ್ನು, ತೋಳು, ಕಾಲು.
"ಹಿಡಿ?" ಎಂದ ಜುಂಬೆರ್.
"ಒರೆಸಿದೆ."
ಹೂಂ ಎಂದು, ಹೊಸ ಕೈಗವಸು ಹಾಕಿಕೊಂಡು,
ಮಂಡಿಯೂರಿ
ತಾನೇ ಇನ್ನೊಮ್ಮೆ ಒರೆಸಿದ.